ಐದು ಸರ್ಟಿಫಿಕೇಟಿನ ಪ್ಯಾಕೇಜ್ ಬಿಟ್ಟು ಒಂದೇ ಪರೀಕ್ಷೆ: ಬಿ.ಕಾಂ. ಪದವೀಧರೆಯೊಬ್ಬಳ ಐಟಿ ಪ್ರವೇಶ

ಅಭ್ಯರ್ಥಿಯ ಹೆಸರು, ಊರು, ತರಬೇತಿ ಸಂಸ್ಥೆ, ಕೆಲಸ ಕೊಟ್ಟ ಕಂಪನಿ ಯಾವುದನ್ನೂ ಇಲ್ಲಿ ಹೇಳಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದೆ. ಪರೀಕ್ಷೆಗಳ ನಿಯಮ ಮತ್ತು ಶುಲ್ಕದ ಮಾತು ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ವಯಸ್ಸು 23. ಬಿ.ಕಾಂ. ಮುಗಿಸಿ ಊರಿನ ಸೈಬರ್ ಸೆಂಟರಿನಲ್ಲಿ ಒಂದೂವರೆ ವರ್ಷ ದುಡಿದಿದ್ದಳು. ಪಹಣಿ ತೆಗೆದುಕೊಡುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬುವುದು, ಜೆರಾಕ್ಸ್. ಇದರ ಜೊತೆಗೆ ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯದ ಇನ್ನೊಂದಿಷ್ಟು ಇತ್ತು: ಪ್ರಿಂಟರ್ ಆಫ್‌ಲೈನ್ ಅಂದಾಗ ಸ್ಪೂಲರ್ ನಿಲ್ಲಿಸಿ ಮತ್ತೆ ಶುರು ಮಾಡುವುದು, ವಿಂಡೋಸ್ ಹೊಸದಾಗಿ ಹಾಕುವುದು, ಆರು ಕಂಪ್ಯೂಟರಿಗೂ ನೆಟ್ ಹೋದರೆ ರೂಟರಿನಿಂದ ಸ್ವಿಚ್‌ವರೆಗೆ ಕೇಬಲ್ ಒಂದೊಂದಾಗಿ ಕಿತ್ತು ನೋಡುವುದು. ಈ ಎರಡನೆಯ ಪಟ್ಟಿ ಆಕೆಯ ಮೊದಲ ರೆಸ್ಯೂಮೆಯಲ್ಲಿ ಒಂದು ಸಾಲೂ ಇರಲಿಲ್ಲ. ‘ಕಂಪ್ಯೂಟರ್ ಆಪರೇಟರ್’ ಎಂದಷ್ಟೇ ಬರೆದಿತ್ತು.

ಕೈಯಲ್ಲಿದ್ದದ್ದು 60,000 ರೂಪಾಯಿ. ತಾಯಿ ಮಹಿಳಾ ಸಂಘದಲ್ಲಿ ಎತ್ತಿದ ಸಾಲ, ವಾರವಾರ ಕಂತು. ತುಮಕೂರಿನಲ್ಲಿ ಚಿಕ್ಕಮ್ಮನ ಮನೆ ಇತ್ತು, ಅಲ್ಲಿಂದ ಬೆಂಗಳೂರಿಗೆ ರೈಲಿನ ತಿಂಗಳ ಪಾಸು. ಪಿಜಿ ಬಾಡಿಗೆ ಉಳಿದದ್ದರಿಂದಲೇ ಮುಂದಿನ ಲೆಕ್ಕವೆಲ್ಲ ಸಾಧ್ಯವಾಯಿತು.

ಉಚಿತ ಪರೀಕ್ಷೆ, ಐದು ವಾರ

ಸೋದರಮಾವನ ಸಲಹೆ: “ಸೈಬರ್ ಸೆಕ್ಯುರಿಟಿಗೇ ಹೋಗಮ್ಮ, ಮುಂದೆಲ್ಲಾ ಅದೇ.” ಐಎಸ್‌ಸಿ2 ಸಂಸ್ಥೆಯ ‘ಸರ್ಟಿಫೈಡ್ ಇನ್ ಸೈಬರ್‌ಸೆಕ್ಯುರಿಟಿ’, ಅಂದರೆ ಸಿಸಿ, ಆಗ ತರಬೇತಿ ಮತ್ತು ಪರೀಕ್ಷೆ ಎರಡನ್ನೂ ಉಚಿತವಾಗಿ ಕೊಡುತ್ತಿತ್ತು. 100 ಪ್ರಶ್ನೆ, 2 ಗಂಟೆ, 1000ಕ್ಕೆ 700 ಬಂದರೆ ಪಾಸು. 2024ರ ಏಪ್ರಿಲ್‌ನಲ್ಲಿ ಓದಲು ಕೂತು ಐದು ವಾರದಲ್ಲಿ ಪಾಸಾದಳು. ಪಾಸಾದ ಮೇಲೆ ಗೊತ್ತಾದದ್ದು, ಉಚಿತ ಎಂಬುದು ಪರೀಕ್ಷೆಯ ಮಟ್ಟಿಗೆ ಮಾತ್ರ. ಸರ್ಟಿಫಿಕೇಟ್ ಚಾಲ್ತಿಯಲ್ಲಿರಬೇಕಾದರೆ ವರ್ಷಕ್ಕೆ 50 ಡಾಲರ್ ಕಟ್ಟಬೇಕು. ಮೊದಲ ವರ್ಷದ್ದನ್ನು ಸೈಬರ್ ಸೆಂಟರಿನ ಕೊನೆಯ ಸಂಬಳದಲ್ಲಿ ಕಟ್ಟಿದಳು.

ಸೆಕ್ಯುರಿಟಿ ಹುದ್ದೆಗಳಿಗೆ ಹಾಕಿದ ಅರ್ಜಿಗಳಿಗೆ ಒಂದು ಕರೆಯೂ ಬರಲಿಲ್ಲ. ಕಾರಣ ಸಿಸಿ ಪರೀಕ್ಷೆಯ ಮಟ್ಟವಲ್ಲ. ಭದ್ರತಾ ನಿಗಾ ಕೇಂದ್ರದ ಎಲ್1, ಅಂದರೆ ಮೊದಲ ಹಂತದ ಹುದ್ದೆ ಕೊಡುವವರು ಲಾಗ್ (ಯಂತ್ರಗಳು ತಾವೇ ಬರೆದಿಡುವ ದಾಖಲೆ) ಓದಿ ರೂಢಿ ಇರುವವರನ್ನು, ಇಲ್ಲವೇ ನೆಟ್‌ವರ್ಕ್ ಅಥವಾ ಸಪೋರ್ಟ್‌ನಲ್ಲಿ ಒಂದೆರಡು ವರ್ಷ ಕೈ ಪಳಗಿಸಿಕೊಂಡವರನ್ನು ಹುಡುಕುತ್ತಾರೆ. ನೆಟ್‌ವರ್ಕಿನಲ್ಲಿ ಯಾವ ಸಂಚಾರ ಸಹಜ, ಯಾವುದು ಅಸಹಜ ಎಂದು ಹೇಳಲು ಮೊದಲು ಸಹಜವಾದದ್ದನ್ನು ದಿನಗಟ್ಟಲೆ ನೋಡಿರಬೇಕು. ಅದು ಐದು ವಾರದ ಓದಿನಿಂದ ಬರುವಂಥದ್ದಲ್ಲ.

48,000 ರೂಪಾಯಿಯ ಪ್ಯಾಕೇಜ್

ಜೂನ್‌ನಲ್ಲಿ ಬೆಂಗಳೂರಿನ ಒಂದು ತರಬೇತಿ ಸಂಸ್ಥೆ. ಹಾರ್ಡ್‌ವೇರ್, ಮೈಕ್ರೋಸಾಫ್ಟಿನ ಎಂಸಿಎಸ್‌ಇ, ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್ ಸಿಸಿಎನ್‌ಎ, ಎಥಿಕಲ್ ಹ್ಯಾಕಿಂಗ್, ಕ್ಲೌಡ್: ಐದೂ ಸೇರಿ ಆರು ತಿಂಗಳು, 48,000 ರೂಪಾಯಿ. ಪರೀಕ್ಷಾ ಶುಲ್ಕ ಬೇರೆ. “ಮೇಡಂ, ಈ ಬ್ಯಾಚಲ್ಲಿ ಎರಡೇ ಸೀಟು ಉಳಿದಿರೋದು” ಎಂದ ಕೌನ್ಸೆಲರ್ ಮಾತಿಗೆ ಅಲ್ಲೇ 15,000 ಅಡ್ವಾನ್ಸ್ ಕೊಟ್ಟುಬಂದಳು.

ಮನೆಗೆ ಬಂದು ಒಂದೊಂದೇ ಹೆಸರನ್ನು ಹುಡುಕಿದಾಗ ಮೊದಲ ತಿರುವು. ಎಂಸಿಎಸ್‌ಇ ಎಂಬ ಸರ್ಟಿಫಿಕೇಟನ್ನು ಮೈಕ್ರೋಸಾಫ್ಟ್ 2021ರ ಜನವರಿ 31ಕ್ಕೇ ನಿಲ್ಲಿಸಿತ್ತು. ಮೂರು ವರ್ಷದಿಂದ ಇಲ್ಲದ ಪರೀಕ್ಷೆಗೆ ಬ್ರೋಷರಿನಲ್ಲಿ ಎಂಟು ವಾರ. ಮರುದಿನ ಕೇಳಿದಾಗ ಬಂದ ಉತ್ತರ: “ಸಿಲಬಸ್ ಅದೇ ಮೇಡಂ, ಹೆಸರು ಮಾತ್ರ ಚೇಂಜ್ ಆಗಿದೆ.” ಇದು ನಿಜವಲ್ಲ. ಎಂಸಿಎಸ್‌ಇ ನಿಂತದ್ದು ವಿಂಡೋಸ್ ಸರ್ವರ್ ಮತ್ತು ಅದರ ಸುತ್ತಲಿನ ತಂತ್ರಾಂಶಗಳ ಮೇಲೆ. ಆಮೇಲೆ ಬಂದವು ಹುದ್ದೆಗೆ ತಕ್ಕಂತೆ ಕಟ್ಟಿದ ಪರೀಕ್ಷೆಗಳು, ಹೆಚ್ಚಿನವು ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ ಅಜೂರ್ ಸುತ್ತ. ಪಾಠ ಬೇರೆ, ಲ್ಯಾಬ್ ಬೇರೆ.

ಅದೇ ಮಾತುಕತೆಯಲ್ಲಿ ಇನ್ನೊಂದು ‘ಸೌಲಭ್ಯ’ವೂ ಹೊರಬಿತ್ತು: ಇನ್ನಷ್ಟು ದುಡ್ಡು ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್. ಈಕೆ ಬೇಡ ಎಂದಳು. ಸರಿಯಾಗಿಯೇ ಮಾಡಿದಳು. ಕಂಪನಿಗಳು ಹಿನ್ನೆಲೆ ಪರಿಶೀಲನೆಯಲ್ಲಿ ಯುಎಎನ್ ಸಂಖ್ಯೆಯಡಿ ಪಿಎಫ್ ಸೇವಾ ಇತಿಹಾಸ ನೋಡುತ್ತವೆ. ಲೆಟರಿನಲ್ಲಿ ಎರಡು ವರ್ಷ, ಪಿಎಫ್ ಖಾತೆಯಲ್ಲಿ ಒಂದು ತಿಂಗಳೂ ಇಲ್ಲ ಎಂದಾದರೆ ಕೆಲಸಕ್ಕೆ ಸೇರಿದ ಮೇಲೂ ತೆಗೆಯುತ್ತಾರೆ.

ಅಡ್ವಾನ್ಸ್ ವಾಪಸ್ ಬರಲಿಲ್ಲ. ಎರಡು ಸುತ್ತು ಮಾತಾಡಿದ ಮೇಲೆ, ಅದೇ ದುಡ್ಡಿಗೆ 45 ದಿನದ ಸಿಸಿಎನ್‌ಎ ಬ್ಯಾಚಿಗೆ ಮಾತ್ರ ಸೇರಿಸಿಕೊಳ್ಳಲು ಒಪ್ಪಿದರು. ಆದರೆ ಸಿಸಿಎನ್‌ಎ ತನಗೆ ಬೇಕೇ ಎಂಬುದು ಆಕೆಗಿನ್ನೂ ತೀರ್ಮಾನವಾಗಿರಲಿಲ್ಲ.

ಜಾಹೀರಾತು ಎಣಿಸಿದ ಭಾನುವಾರ

ಈ ಪ್ರಕರಣದಲ್ಲಿ ಒಂದೇ ಒಂದು ದಿನವನ್ನು ಎತ್ತಿ ತೋರಿಸಬೇಕಾದರೆ ಅದು ಇದೇ. ಪರಿಚಯದ ಹಿರಿಯ ನೆಟ್‌ವರ್ಕ್ ಇಂಜಿನಿಯರ್ ಒಬ್ಬರು ಹೇಳಿದ್ದು ಇಷ್ಟು: “ಯಾವ ಸರ್ಟಿಫಿಕೇಟ್ ಅಂತ ನನ್ನ ಕೇಳಬೇಡಮ್ಮ. ಬೆಂಗಳೂರು, ಸೊನ್ನೆಯಿಂದ ಒಂದು ವರ್ಷ ಅನುಭವ ಅಂತ ಹಾಕಿ ಅರವತ್ತು ಜಾಹೀರಾತು ಪೂರ್ತಿ ಓದು. ಆಮೇಲೆ ಬಾ.”

ಸೈಬರ್ ಸೆಂಟರಿನಿಂದ ತಂದಿದ್ದ ಹಳೇ ಅರ್ಜಿ ಹಾಳೆಗಳ ಹಿಂಬದಿಯಲ್ಲಿ ಗೆರೆ ಎಳೆದು ಬರೆದುಕೊಂಡಳು: ಹುದ್ದೆ, ಕೇಳಿದ ಸರ್ಟಿಫಿಕೇಟ್, ಬೇರೆ ಷರತ್ತು. ಸಂಜೆಯ ಹೊತ್ತಿಗೆ ಹಾಳೆ ತಾನೇ ಮಾತಾಡತೊಡಗಿತು. ಡೆಸ್ಕ್‌ಟಾಪ್ ಸಪೋರ್ಟ್ ಮತ್ತು ಫೀಲ್ಡ್ ಇಂಜಿನಿಯರ್ ಹುದ್ದೆಗಳಲ್ಲಿ ಸರ್ಟಿಫಿಕೇಟಿನ ಹೆಸರು ಅಪರೂಪ. ವಿಂಡೋಸ್, ಔಟ್‌ಲುಕ್, ಆಕ್ಟಿವ್ ಡೈರೆಕ್ಟರಿ ಗೊತ್ತಿರಬೇಕು, ‘ಸ್ವಂತ ಬೈಕ್ ಮತ್ತು ಡಿಎಲ್ ಕಡ್ಡಾಯ’. ಬೈಕ್ ಇಲ್ಲದ ಈಕೆಗೆ ಅಲ್ಲೇ ಒಂದು ದಾರಿ ಮುಚ್ಚಿತು. ಫೋನಿನಲ್ಲಿ ಬಳಕೆದಾರರ ದೂರು ಕೇಳಿ ಬಗೆಹರಿಸುವ ಸರ್ವೀಸ್ ಡೆಸ್ಕ್‌ನವರು ಎಲ್ಲಕ್ಕಿಂತ ಮೊದಲು ಇಂಗ್ಲಿಷ್ ಮಾತು ಕೇಳುತ್ತಿದ್ದರು, ಕೆಲವರು ಐಟಿ ಸೇವಾ ನಿರ್ವಹಣೆಯ ಸರ್ಟಿಫಿಕೇಟ್ ಐಟಿಐಎಲ್ ಇದ್ದರೆ ಒಳ್ಳೆಯದು ಎನ್ನುತ್ತಿದ್ದರು. ನೆಟ್‌ವರ್ಕ್ ನಿಗಾ ಕೇಂದ್ರ, ಅಂದರೆ ಎನ್‌ಒಸಿಯ ಎಲ್1 ಹುದ್ದೆಗಳಲ್ಲಿ ಮಾತ್ರ ಸಿಸಿಎನ್‌ಎ ಎಂಬ ಹೆಸರು ಮತ್ತೆ ಮತ್ತೆ ಬಂತು, ಜೊತೆಗೆ ಪಾಳಿ ಕೆಲಸ. ಕ್ಲೌಡ್ ಹುದ್ದೆಗಳು ಒಂದೋ ಬಿ.ಇ. ಕೇಳುತ್ತಿದ್ದವು, ಇಲ್ಲವೇ ಶೀರ್ಷಿಕೆಯಲ್ಲಿ ಫ್ರೆಶರ್ ಎಂದು ಹಾಕಿ ಒಳಗೆ ಎರಡು ವರ್ಷದ ಅನುಭವ ಕೇಳುತ್ತಿದ್ದವು.

ಕಂಪ್ಯೂಟರ್ ಸಪೋರ್ಟಿನ ಆರಂಭಿಕ ಸರ್ಟಿಫಿಕೇಟ್ ಎ ಪ್ಲಸ್‌ನ ಹೆಸರು ಬೆರಳೆಣಿಕೆಯಷ್ಟೂ ಸಿಗದಿದ್ದದ್ದು ಆಕೆಗೆ ವಿಚಿತ್ರವಾಗಿ ಕಂಡಿತು. ಇಂಟರ್‌ನೆಟ್ಟಿನಲ್ಲಿ ಯಾರನ್ನು ಕೇಳಿದರೂ ಕಾಂಪ್ಟಿಯಾದ ಎ ಪ್ಲಸ್, ನೆಟ್‌ವರ್ಕ್ ಪ್ಲಸ್, ಸೆಕ್ಯುರಿಟಿ ಪ್ಲಸ್, ಇದೇ ಕ್ರಮ ಎನ್ನುತ್ತಾರಲ್ಲ? ಆ ಸಲಹೆ ಬರುವುದು ಅಮೆರಿಕದಿಂದ. ಅಲ್ಲಿಯ ರಕ್ಷಣಾ ಇಲಾಖೆ 8570 ಎಂಬ ನಿಯಮದಡಿ ತನ್ನ ಸಿಬ್ಬಂದಿಗೂ ಗುತ್ತಿಗೆದಾರರಿಗೂ ನಿರ್ದಿಷ್ಟ ಸರ್ಟಿಫಿಕೇಟ್ ಕಡ್ಡಾಯ ಮಾಡಿತ್ತು; ಎ ಪ್ಲಸ್ ಕೆಳ ಹಂತಕ್ಕೆ, ಸೆಕ್ಯುರಿಟಿ ಪ್ಲಸ್ ಅದರ ಮೇಲಿನ ಹಂತಕ್ಕೆ ಸಲ್ಲುತ್ತಿದ್ದವು. 2023ರಲ್ಲಿ ಅದರ ಜಾಗಕ್ಕೆ 8140 ಬಂತು. ಅಲ್ಲಿ ಆ ಕ್ರಮಕ್ಕೆ ಅರ್ಥವಿದೆ. ಬೆಂಗಳೂರಿನ ಎಲ್1 ಹುದ್ದೆಗೆ ಆ ನಿಯಮ ಅನ್ವಯಿಸುವುದಿಲ್ಲ. ಮೇಲಾಗಿ ಎ ಪ್ಲಸ್ ಎಂದರೆ ಎರಡು ಪರೀಕ್ಷೆ, ಎರಡು ಶುಲ್ಕ. ಆದರೆ ಅದರ ಪಠ್ಯಾಂಶಗಳ ಪಿಡಿಎಫ್ ಪಟ್ಟಿ ಕಾಂಪ್ಟಿಯಾದಲ್ಲೇ ಪುಕ್ಕಟೆ ಸಿಗುತ್ತದೆ. ಈಕೆ ಅದನ್ನು ಇಳಿಸಿಕೊಂಡು, ಸೈಬರ್ ಸೆಂಟರಿನಲ್ಲಿ ತಾನು ಮಾಡಿದ ಕೆಲಸಗಳಿಗೆ ಎದುರಾಗಿ ಟಿಕ್ ಹಾಕುತ್ತಾ ಹೋದಳು. ಗೊತ್ತಿಲ್ಲದ್ದನ್ನು ಓದಿಕೊಂಡಳು, ಪರೀಕ್ಷೆ ಬರೆಯಲಿಲ್ಲ. ಆ ಟಿಕ್ ಹಾಕಿದ ಪಟ್ಟಿಯೇ ಎರಡನೆಯ ರೆಸ್ಯೂಮೆಯಾಯಿತು.

ಕ್ಲೌಡ್ ಪರೀಕ್ಷೆಗಳನ್ನೂ ನೋಡಿದಳು. ಅಮೆಜಾನಿನ ಎಡಬ್ಲ್ಯೂಎಸ್ ಕ್ಲೌಡ್ ಪ್ರಾಕ್ಟಿಷನರ್ 100 ಡಾಲರ್, 90 ನಿಮಿಷ. ಅಜೂರ್‌ನ ಎಝಡ್-900 ಒಮ್ಮೆ ಪಾಸಾದರೆ ಅವಧಿ ಮುಗಿಯುವುದೇ ಇಲ್ಲ. ಎರಡೂ ಪರಿಚಯಾತ್ಮಕ. ಕ್ಲೌಡ್ ಮಾರುವವರಿಗೆ, ಪ್ರಾಜೆಕ್ಟ್ ಸಂಯೋಜಕರಿಗೆ ಸಾಕು. ಕೈಕೆಲಸ ಬರುತ್ತದೆ ಎಂದು ಅವು ಸಾಬೀತು ಮಾಡುವುದಿಲ್ಲ, ಹಾಗೆಂದು ಹೇಳಿಕೊಳ್ಳುವುದೂ ಇಲ್ಲ. ಬಿಟ್ಟಳು.

ಉಳಿದದ್ದು ಸಿಸಿಎನ್‌ಎ, ಗುರಿ ಎನ್‌ಒಸಿ.

ಓದು, ಲ್ಯಾಬ್, ಮತ್ತು ಒಂದು ಇನಿಷಿಯಲ್

ಸಿಸಿಎನ್‌ಎ ಪರೀಕ್ಷೆಯ ಸಂಖ್ಯೆ 200-301, ಅವಧಿ 120 ನಿಮಿಷ, ಶುಲ್ಕ 300 ಡಾಲರ್. ಡಾಲರಿಗೆ ಆಗಿನ 84 ರೂಪಾಯಿ ಹಿಡಿದರೆ 25,200, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 29,700ರ ಆಸುಪಾಸು. ಪಠ್ಯದ ಆರು ಭಾಗಗಳಲ್ಲಿ ಐಪಿ ಕನೆಕ್ಟಿವಿಟಿಗೆ ಶೇ 25, ಮೂಲ ಪಾಠ ಮತ್ತು ನೆಟ್‌ವರ್ಕ್ ಆಕ್ಸೆಸ್‌ಗೆ ತಲಾ 20, ಭದ್ರತೆಗೆ 15, ಐಪಿ ಸರ್ವೀಸಸ್ ಮತ್ತು ಆಟೊಮೇಷನ್‌ಗೆ ತಲಾ 10.

ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್ ತಾನೇ ಕೂರಿಸಿದಳು, 3,800 ರೂಪಾಯಿ. ಕಂಪ್ಯೂಟರಿನೊಳಗೇ ನೆಟ್‌ವರ್ಕ್ ಕಟ್ಟಿ ಅಭ್ಯಾಸ ಮಾಡಲು ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತ. ಅದರ ಮೇಲೆ ಲ್ಯಾಬ್. ಸಬ್‌ನೆಟ್ಟಿಂಗ್, ಅಂದರೆ ಐಪಿ ವಿಳಾಸಗಳನ್ನು ಸಣ್ಣ ಗುಂಪುಗಳಾಗಿ ಒಡೆಯುವ ಲೆಕ್ಕ, ಮಾತ್ರ ರೈಲಿನಲ್ಲಿ, ಮತ್ತದೇ ಅರ್ಜಿ ಹಾಳೆಗಳ ಹಿಂಬದಿಯಲ್ಲಿ. 192.168.10.70, /27 ಎಂದುಕೊಳ್ಳಿ. ವಿಳಾಸದ 32 ಬಿಟ್‌ನಲ್ಲಿ 27 ನೆಟ್‌ವರ್ಕಿಗೆ ಹೋದರೆ ಉಳಿಯುವುದು 5 ಬಿಟ್, ಅಂದರೆ 32ರ ಗುಂಪು: 0, 32, 64, 96. 70 ಬೀಳುವುದು 64ರ ಗುಂಪಿಗೆ. ನೆಟ್‌ವರ್ಕ್ ವಿಳಾಸ 64, ಬ್ರಾಡ್‌ಕಾಸ್ಟ್ 95, ಯಂತ್ರಗಳಿಗೆ ಕೊಡಲು 65ರಿಂದ 94, ಒಟ್ಟು 30. ದಿನಕ್ಕೆ ಹತ್ತು ಲೆಕ್ಕ. ಒಂದೊಂದಕ್ಕೆ ಮೂರು ನಿಮಿಷ ಹಿಡಿಯುತ್ತಿದ್ದದ್ದು ಒಂದು ತಿಂಗಳಲ್ಲಿ ಅರ್ಧ ನಿಮಿಷಕ್ಕೆ ಇಳಿಯಿತು.

ಬ್ಯಾಚಿನಿಂದ ಎರಡು ಲಾಭ ನಿಜವಾಗಿಯೂ ಆದವು: ನಿಜವಾದ ಸ್ವಿಚ್ ಮತ್ತು ರೂಟರಿಗೆ ಕನ್ಸೋಲ್ ಕೇಬಲ್ ಹಾಕಿ ಕೆಲಸ ಮಾಡಿದ್ದು, ಮತ್ತು ಸಂದೇಹ ಕೇಳಲು ಒಬ್ಬರಿದ್ದದ್ದು. ನಷ್ಟವೂ ಅಲ್ಲಿಂದಲೇ. ಕೊನೆಯ ವಾರ ಎಲ್ಲರಿಗೂ ‘ಡಂಪ್ಸ್’ ಹಂಚಿದರು, ಅಂದರೆ ಕದ್ದ ಪ್ರಶ್ನೆಗಳ ಪಿಡಿಎಫ್.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಇನ್ನೊಂದು ತೊಡಕು. ಸಿಸ್ಕೋ ಖಾತೆಯಲ್ಲಿ ಹೆಸರಿನ ಮುಂದಿನ ಇನಿಷಿಯಲ್ ಹಾಕಿರಲಿಲ್ಲ, ಗುರುತಿನ ಚೀಟಿಯಲ್ಲಿ ಇತ್ತು. ನಮ್ಮ ಕಡೆ ಸರ್‌ನೇಮ್ ಬಳಕೆ ಕಡಿಮೆ. ‘ಲಾಸ್ಟ್ ನೇಮ್’ ಎಂಬ ಖಾನೆಗೆ ಒಬ್ಬರು ಇನಿಷಿಯಲ್ ಹಾಕುತ್ತಾರೆ, ಇನ್ನೊಬ್ಬರು ತಂದೆಯ ಹೆಸರು, ಮತ್ತೊಬ್ಬರು ಚುಕ್ಕೆ. ಎರಡೂ ಕಡೆಯ ಹೆಸರು ಹೊಂದದಿದ್ದರೆ ಪರೀಕ್ಷಾ ಕೇಂದ್ರದವರು ಒಳಗೆ ಬಿಡದಿರಬಹುದು, ಶುಲ್ಕವೂ ಹೋಗುತ್ತದೆ. ಸಹಾಯ ವಿಭಾಗಕ್ಕೆ ಬರೆದು ತಿದ್ದಿಸಿಕೊಂಡಳು. ಖಾತೆ ತೆರೆಯುವಾಗಲೇ ಗುರುತಿನ ಚೀಟಿ ಎದುರಿಗಿಟ್ಟುಕೊಂಡು ಹೆಸರು ತುಂಬಿದ್ದರೆ ಆ ಒಂದು ವಾರದ ನಿದ್ದೆ ಉಳಿಯುತ್ತಿತ್ತು.

ಸೋಲು

2024ರ ನವೆಂಬರ್. ಫೇಲ್.

ಸಿಸ್ಕೋದ ವರದಿಯಲ್ಲಿ ಭಾಗವಾರು ಶೇಕಡಾವಾರು ಇರುತ್ತದೆ. ಆಟೊಮೇಷನ್, ಭದ್ರತೆ ಚೆನ್ನಾಗಿದ್ದವು. ಬಿದ್ದದ್ದು ನೆಟ್‌ವರ್ಕ್ ಆಕ್ಸೆಸ್ ಮತ್ತು ಐಪಿ ಕನೆಕ್ಟಿವಿಟಿ, ಅಂದರೆ ಲ್ಯಾಬ್ ಮಾಡಿದ್ದರಷ್ಟೇ ಬರುವ ಎರಡು ಭಾಗಗಳು, ಸೇರಿ ಶೇ 45ರ ತೂಕ. ಕೊನೆಯ ಎರಡು ವಾರ ಲ್ಯಾಬ್ ಬಿಟ್ಟು ಡಂಪ್ಸ್ ಉರು ಹೊಡೆದಿದ್ದಳು. ಆಗಸ್ಟ್‌ನಲ್ಲಷ್ಟೇ ಪರೀಕ್ಷೆ 1.1 ಆವೃತ್ತಿಗೆ ಬದಲಾಗಿತ್ತು, ಹಂಚಿದ ಪಿಡಿಎಫ್ ಹಳೆಯದು. ಕೊನೆಗೆ ಕೆಡವಿದ್ದು ಸಮಯ. ಈ ಪರೀಕ್ಷೆಯಲ್ಲಿ ಹಿಂದಿನ ಪ್ರಶ್ನೆಗೆ ವಾಪಸ್ ಹೋಗುವಂತಿಲ್ಲ. ಲ್ಯಾಬ್ ಪ್ರಶ್ನೆಯಲ್ಲಿ ಕೈ ತಡವರಿಸಿತೆಂದರೆ ನಿಮಿಷಗಳು ಅಲ್ಲೇ ಸುರಿದು ಹೋಗುತ್ತವೆ. ಇನ್ನು ಡಂಪ್ಸ್ ಬಳಸಿದ್ದು ಸಾಬೀತಾದರೆ ಸಿಸ್ಕೋ ಫಲಿತಾಂಶವನ್ನೇ ರದ್ದು ಮಾಡಬಹುದು, ಆ ಮಾತು ಬೇರೆ.

ಖರ್ಚು ಅಷ್ಟರಲ್ಲಿ 15,000, 3,800, 29,700, ಸೇರಿ 48,500. ಓಡಾಟ, ಊಟ ಕಳೆದರೆ ಕೈಯಲ್ಲಿ ಏನೂ ಇಲ್ಲ. ಐದು ದಿನ ಬಿಟ್ಟು ಮತ್ತೆ ಬರೆಯಲು ನಿಯಮ ಬಿಡುತ್ತದೆ, ದುಡ್ಡು ಬಿಡುವುದಿಲ್ಲ. ತಾಯಿ ಇನ್ನೊಂದು ಸಾಲಕ್ಕೆ ಸಿದ್ಧರಿದ್ದರು. “ಬೇಡಮ್ಮ, ಮೊದಲು ಕೆಲಸ” ಎಂದಳು ಮಗಳು. ಎರಡನೆಯ ತಿರುವು ಇದು. ಪರೀಕ್ಷೆಯನ್ನು ಪಕ್ಕಕ್ಕಿಟ್ಟು ಆರು ವಾರ ಬರೀ ಲ್ಯಾಬ್ ಮಾಡುವುದು, ಸರ್ವೀಸ್ ಡೆಸ್ಕ್ ಹುದ್ದೆಗಳಿಗೂ ಅರ್ಜಿ ಹಾಕುವುದು, ರೆಸ್ಯೂಮೆಯಲ್ಲಿ ‘ಸಿಸಿಎನ್‌ಎ ತರಬೇತಿ ಪಡೆದಿದ್ದೇನೆ, ಪ್ರಮಾಣಪತ್ರ ಇನ್ನೂ ಇಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯುವುದು.

ಆ ಆರು ವಾರದ ಎರಡು ಲ್ಯಾಬ್‌ಗಳನ್ನು ಹೇಳಲೇಬೇಕು. ಒಂದೇ ಸ್ವಿಚ್ಚಿನೊಳಗೆ ಬೇರೆ ಮಾಡಿದ ನೆಟ್‌ವರ್ಕಿಗೆ ವಿಲ್ಯಾನ್ ಎನ್ನುತ್ತಾರೆ, ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಕೊಂಡಿಗೆ ಟ್ರಂಕ್. ಒಂದು ಲ್ಯಾಬಿನಲ್ಲಿ ವಿಲ್ಯಾನ್ 10, 20 ಓಡುತ್ತಿದ್ದ ಟ್ರಂಕಿಗೆ 30ನ್ನು ಸೇರಿಸಬೇಕಿತ್ತು. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಹೊಡೆದಳು. 10 ಮತ್ತು 20 ಎರಡೂ ಸತ್ತವು. ‘ಆಡ್’ ಎಂಬ ಒಂದು ಪದ ಬಿಟ್ಟರೆ ಆ ಆದೇಶ ಸೇರಿಸುವುದಿಲ್ಲ, ಹಳೇ ಪಟ್ಟಿಯನ್ನೇ ಅಳಿಸಿ ಹೊಸದನ್ನು ಬರೆಯುತ್ತದೆ. ಇಡೀ ಆಫೀಸಿನ ನೆಟ್ ಹೋಗುವುದು ಹೀಗೇ. ಇನ್ನೊಂದರಲ್ಲಿ ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ವಿಲ್ಯಾನ್ 30ರಲ್ಲಿ, ಕಂಪ್ಯೂಟರುಗಳು 10ರಲ್ಲಿ. ಎಲ್ಲಕ್ಕೂ 169.254ರಿಂದ ಶುರುವಾಗುವ ವಿಳಾಸ, ಅಂದರೆ ಸರ್ವರಿನಿಂದ ಏನೂ ಸಿಗದೆ ಯಂತ್ರ ತಾನೇ ಹಾಕಿಕೊಂಡದ್ದು. ಡಿಎಚ್‌ಸಿಪಿ ಕೋರಿಕೆ ಬ್ರಾಡ್‌ಕಾಸ್ಟ್, ಅಂದರೆ ಎಲ್ಲ ಯಂತ್ರಕ್ಕೂ ಒಟ್ಟಿಗೆ ಹೋಗುವಂಥದ್ದು, ಅದು ತನ್ನ ವಿಲ್ಯಾನ್ ದಾಟುವುದಿಲ್ಲ. ದಾಟಿಸಬೇಕಾದರೆ ರೂಟರಿನ 10ನೇ ವಿಲ್ಯಾನ್ ಇಂಟರ್‌ಫೇಸಿನಲ್ಲಿ ‘ಐಪಿ ಹೆಲ್ಪರ್-ಅಡ್ರೆಸ್’ ಎಂದು ಸರ್ವರಿನ ವಿಳಾಸ ಕೊಡಬೇಕು. ಇದಕ್ಕೇ ರಿಲೇ ಎನ್ನುವುದು. ಪ್ರತಿ ಲ್ಯಾಬಿಗೂ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದಿಟ್ಟಳು: ಲಕ್ಷಣ, ನೋಡಿದ್ದು, ಕಾರಣ, ಮಾಡಿದ್ದು. ಸಪೋರ್ಟ್ ಕೆಲಸದಲ್ಲಿ ಟಿಕೆಟ್, ಅಂದರೆ ದೂರಿನ ದಾಖಲೆ, ಬರೆಯುವುದೂ ಹೀಗೇ ಎಂದು ಆಗ ಆಕೆಗೆ ತಿಳಿದಿರಲಿಲ್ಲ.

ಸಂದರ್ಶನ

2025ರ ಜನವರಿ, ಗುತ್ತಿಗೆ ಪೇರೋಲಿನ ಸರ್ವೀಸ್ ಡೆಸ್ಕ್ ಹುದ್ದೆ. ಸಿಸಿ ಸರ್ಟಿಫಿಕೇಟಿನ ಬಗ್ಗೆ ಒಂದೇ ಪ್ರಶ್ನೆ, ಒಂದೇ ನಿಮಿಷ. ಆಮೇಲೆ ಬಂದದ್ದು ಇದು, ಇಂಗ್ಲಿಷಿನಲ್ಲಿ ನಡೆದದ್ದರ ಸಾರ:

“ಬಳಕೆದಾರ ನೆಟ್ ಇಲ್ಲ ಅಂತಾನೆ. ಐಪಿ ನೋಡಿದರೆ 169.254.23.8. ಏನು ಮಾಡ್ತೀರಿ?”

“ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ ಸರ್. ಕೇಬಲ್ ನೋಡಿ, ರಿಲೀಸ್ ಮಾಡಿ ರಿನ್ಯೂ ಮಾಡಿಸ್ತೀನಿ. ಅದಕ್ಕೂ ಮೊದಲು, ಪಕ್ಕದ ಸೀಟಿನವರಿಗೆ ನೆಟ್ ಬರ್ತಿದೆಯಾ ಅಂತ ಕೇಳ್ತೀನಿ.”

“ಅದ್ಯಾಕೆ?”

“ಒಬ್ಬರಿಗೇ ಆದರೆ ಆ ಯಂತ್ರ, ಇಲ್ಲ ಕೇಬಲ್. ಇಡೀ ಮಹಡಿಗೆ ಆದರೆ ವಿಳಾಸಗಳು ಖಾಲಿಯಾಗಿರಬಹುದು, ಇಲ್ಲ ರಿಲೇ ಹೋಗಿರಬಹುದು. ಆಗ ಬಳಕೆದಾರರ ಹತ್ತಿರ ಸಮಯ ಕಳೆಯದೆ ನೆಟ್‌ವರ್ಕ್ ತಂಡಕ್ಕೆ ಕೊಡ್ತೀನಿ.”

ಪಕ್ಕದ ಸೀಟನ್ನು ಮೊದಲು ಕೇಳುವ ರೂಢಿ ಬಂದದ್ದು ಸೈಬರ್ ಸೆಂಟರಿನ ಆರು ಕಂಪ್ಯೂಟರುಗಳಿಂದ. ರಿಲೇ ಎಂಬ ಮಾತು ಬಂದದ್ದು ಲ್ಯಾಬಿನಿಂದ. ಕೈಗೆ 17,500 ರೂಪಾಯಿ ಸಂಬಳ, ಮೂರು ಪಾಳಿ, ರಾತ್ರಿಗೆ ಕ್ಯಾಬ್.

ಪಾಸಾದರೆ ಪರೀಕ್ಷಾ ಶುಲ್ಕ ವಾಪಸ್ ಕೊಡುವ ಪದ್ಧತಿ ಆ ಕಂಪನಿಯಲ್ಲಿತ್ತು. ಮೇ ತಿಂಗಳಲ್ಲಿ ಸಿಸಿಎನ್‌ಎ ಮತ್ತೆ ಬರೆದು ಪಾಸಾದಳು, ಆಗಸ್ಟ್‌ನಲ್ಲಿ ಅದೇ ಕಂಪನಿಯ ಎನ್‌ಒಸಿ ತಂಡಕ್ಕೆ ಹೋದಳು, ಸಂಬಳ 24,000. ಸಿಸಿಯ ಎರಡನೇ ವರ್ಷದ 50 ಡಾಲರ್ ಕಟ್ಟಲಿಲ್ಲ.

ಇದರಿಂದ ಏನು ತೆಗೆದುಕೊಳ್ಳಬಹುದು

ಸಿಸಿಎನ್‌ಎಯೇ ಎಲ್ಲರಿಗೂ ಸರಿ ಎಂಬ ತೀರ್ಮಾನಕ್ಕೆ ಬಂದರೆ ಈ ಪ್ರಕರಣವನ್ನು ತಪ್ಪಾಗಿ ಓದಿದಂತೆ. ಬೈಕ್ ಇದ್ದವರಿಗೆ ಫೀಲ್ಡ್ ಕೆಲಸ ಯಾವ ಸರ್ಟಿಫಿಕೇಟೂ ಇಲ್ಲದೆ ತೆರೆದಿತ್ತು. ಇಂಗ್ಲಿಷ್ ಸರಾಗ ಬರುವವರು ಐಟಿಐಎಲ್ ಫೌಂಡೇಷನ್ನಿನ 40 ಪ್ರಶ್ನೆ, 60 ನಿಮಿಷದ ಪರೀಕ್ಷೆ ಬರೆದು ಸರ್ವೀಸ್ ಡೆಸ್ಕ್‌ಗೆ ಇನ್ನೂ ಬೇಗ ಹೋಗಬಹುದಿತ್ತು. ಬೇರೆಯವರಿಗೆ ಸಲ್ಲುವುದು ಜಾಹೀರಾತು ಎಣಿಸಿದ ವಿಧಾನ, ಅದರಿಂದ ಹೊರಟ ಉತ್ತರವಲ್ಲ. ಎಣಿಸುವಾಗ ಸರ್ಟಿಫಿಕೇಟಿನ ಹೆಸರಿಗಿಂತ ಪಕ್ಕದ ಷರತ್ತುಗಳ ಖಾನೆಯೇ ಹೆಚ್ಚು ಹೇಳುತ್ತದೆ.

ಆಕೆಯ ತಪ್ಪುಗಳ ಕ್ರಮವನ್ನೂ ಗಮನಿಸಬೇಕು. ಅಡ್ವಾನ್ಸ್ ಮೊದಲು, ಎಣಿಕೆ ಆಮೇಲೆ. ಇದು ತಲೆಕೆಳಗು. ಸಿಲಬಸ್‌ನಲ್ಲಿರುವ ಪ್ರತಿ ಪರೀಕ್ಷೆ ಇನ್ನೂ ಚಾಲ್ತಿಯಲ್ಲಿದೆಯೇ, ಯಾವ ಆವೃತ್ತಿ ಎಂದು ಆಯಾ ಕಂಪನಿಯ ಪುಟದಲ್ಲೇ ನೋಡಲು ಹತ್ತು ನಿಮಿಷ ಸಾಕು. ಉದಾಹರಣೆಗೆ ಎ ಪ್ಲಸ್‌ನ 1101, 1102 ಪರೀಕ್ಷೆಗಳು 2025ರ ಸೆಪ್ಟೆಂಬರ್‌ನಲ್ಲಿ ನಿಂತು 1201, 1202 ಉಳಿದವು. ಹಳೆಯದರಲ್ಲಿ ಒಂದನ್ನು ಮಾತ್ರ ಪಾಸಾಗಿದ್ದವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಹಣದ ಮಾತು. ಎರಡು ಸಲದ ಶುಲ್ಕ ಕೈಯಲ್ಲಿಲ್ಲದೆ ಮೊದಲ ಸಲಕ್ಕೆ ದಿನ ಗೊತ್ತು ಮಾಡಿದರೆ, ಆ ಭಯವೇ ಡಂಪ್ಸ್ ಕಡೆಗೆ ತಳ್ಳುತ್ತದೆ. ಇಲ್ಲಿ ಆದದ್ದು ಅದೇ.

ಎಂಟು ತಿಂಗಳ ಓಡಾಟದಲ್ಲಿ ಕೆಲಸ ಸಿಕ್ಕಿದ ದಿನ ಆಕೆಯ ಕೈಯಲ್ಲಿದ್ದ ಪ್ರಮಾಣಪತ್ರ ಸಿಸಿ ಒಂದೇ, ಅದನ್ನು ಯಾರೂ ಹೆಚ್ಚು ಕೇಳಲಿಲ್ಲ. ಹಾಗಾದರೆ ಸಿಸಿಎನ್‌ಎಗೆ ಸುರಿದ ದುಡ್ಡು ವ್ಯರ್ಥವೇ? ಸರ್ವೀಸ್ ಡೆಸ್ಕ್‌ಗೆ ಅದು ಬೇಕಿರಲಿಲ್ಲ, ಓದು ಬೇಕಿತ್ತು. ಎನ್‌ಒಸಿಗೆ ಹೋಗಲು ಕಾಗದವೇ ಬೇಕಾಯಿತು. ಅದಿಲ್ಲದೆ ಆಂತರಿಕ ವರ್ಗಾವಣೆಯ ಅರ್ಜಿಯನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಸಿಸಿಎನ್‌ಎಯ ಅವಧಿ ಮೂರು ವರ್ಷ, 2028ರ ಮೇವರೆಗೆ. ಅಷ್ಟರೊಳಗೆ ಇನ್ನೊಂದು ಪರೀಕ್ಷೆ ಪಾಸು ಮಾಡಬೇಕು, ಇಲ್ಲವೇ ಮುಂದುವರಿಕೆ ಶಿಕ್ಷಣದ 30 ಕ್ರೆಡಿಟ್ ಗಳಿಸಬೇಕು. ತಂಡದಲ್ಲಿ ಕೆಲವರು ಅಜೂರ್ ನಿರ್ವಾಹಕರ ಪರೀಕ್ಷೆ ಎಝಡ್-104ಕ್ಕೆ ಕೂತಿದ್ದಾರೆ. ಅದರ ಅವಧಿ ಒಂದೇ ವರ್ಷ, ನವೀಕರಣ ಆನ್‌ಲೈನಿನಲ್ಲಿ ಉಚಿತ. ಈಕೆ ಇನ್ನೂ ದುಡ್ಡು ಕಟ್ಟಿಲ್ಲ. ಎರಡರಿಂದ ಮೂರು ವರ್ಷ ಅನುಭವ ಕೇಳುವ ಜಾಹೀರಾತುಗಳಿಗೆ ಹೊಸ ಹಾಳೆಯಲ್ಲಿ ಗೆರೆ ಎಳೆದಿದ್ದಾಳೆ. ಸದ್ಯ ಇಪ್ಪತ್ತೆರಡು ಆಗಿವೆ.